ಗೆದ್ದ ಮೇಲಿನ ಸುತ್ತು

ಸೋಲನ್ನು ತಾಳಿಕೊಳ್ಳುವುದು ಹೇಗೆಂಬುದನ್ನು ಬೋಧಿಸುವವರು ಬಹಳ ಮಂದಿ. ಗೆಲುವನ್ನು ತಾಳಿಕೊಳ್ಳುವ ಬಗೆಯನ್ನು ಹೇಳಿಕೊಡುವವರು ವಿರಳ. ಸೋತವನಿಗೆ ಸಮಾಧಾನ ಹೇಳಲು ನಾಲ್ವರಾದರೂ ಬರುವರು. ಗೆದ್ದವನಿಗೆ ಬುದ್ಧಿ ಹೇಳಲು ಯಾರೂ ಮುಂದಾಗುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರೇ ಸುತ್ತಲೂ ನೆರೆದಿರುವಾಗ ಮನುಷ್ಯನ ಕಾಲು ಜಾರುವುದು ಸಹಜ.

ಇಂಗ್ಲಿಷಿನಲ್ಲಿ ‘ವಿಕ್ಟರಿ ಲ್ಯಾಪ್’ ಎಂಬ ನುಡಿಗಟ್ಟೊಂದುಂಟು. ಗೆಲುವಿನ ಸುತ್ತು ಎಂದು ಅದರ ಅರ್ಥ. ಓಟದ ಪಂದ್ಯದಲ್ಲಿ ಗೆದ್ದವನು ಪಂದ್ಯ ಮುಗಿದ ಬಳಿಕ ಮೈದಾನವನ್ನು ಇನ್ನೊಂದು ಸಲ ಸುತ್ತಿ ಬರುವುದು ವಾಡಿಕೆ. ಆ ಸುತ್ತಿನಿಂದ ಅವನ ಗೆಲುವು ಹೆಚ್ಚುವುದಿಲ್ಲ. ಸುತ್ತದಿದ್ದರೆ ಕುಂದುವುದೂ ಇಲ್ಲ. ನೋಟಕರಿಗೆ ಕೈಮುಗಿದು ಕೃತಜ್ಞತೆ ತಿಳಿಸುವುದೇ ಉದ್ದೇಶವಾದರೆ ಅದರಲ್ಲಿ ದೋಷವೇನೂ ಕಾಣದು. ಆದರೆ ಆ ಮಾತು ಮೈದಾನವನ್ನು ಬಿಟ್ಟು ಬಾಳಿನೊಳಕ್ಕೆ ಬಂದಾಗ ಬೇರೆ ಅರ್ಥವನ್ನು ತಳೆಯಿತು. ಚುನಾವಣೆಯಲ್ಲಾಗಲಿ, ವ್ಯಾಪಾರದಲ್ಲಾಗಲಿ, ವಾದದಲ್ಲಾಗಲಿ ಗೆದ್ದವನು ಆ ಗೆಲುವನ್ನು ಹತ್ತು ಮಂದಿಯ ಮುಂದೆ ಮೆರೆಸುತ್ತ ತಿರುಗುವುದಕ್ಕೂ ಈಗ ಅದೇ ಹೆಸರು.

ಹಲಸೂರಿನ ಸೋಮೇಶ್ವರನ ಗುಡಿಯಲ್ಲಿ ಭಕ್ತನು ಹಾಕುವ ಪ್ರದಕ್ಷಿಣೆಯೂ ಒಂದು ಸುತ್ತೇ. ಅಲ್ಲಿ ದೇವರು ನಡುವೆ, ಸುತ್ತುವವನು ಅಂಚಿನಲ್ಲಿ. ಬಡಾಯಿಯ ಸುತ್ತಿನಲ್ಲಿ ನಡುವೆ ನಿಂತವನು ತಾನೇ. ಲೋಕವೆಲ್ಲ ಅವನ ಅಂಚಿನಲ್ಲಿ. ಹಾಗೆಂದು ಗೆದ್ದವನು ಸಂತೋಷಪಡಬಾರದೆ? ಪಡಬಹುದು, ಪಡಬೇಕು. ಸಂತೋಷಕ್ಕೂ ಬಡಾಯಿಗೂ ಭೇದವಿದೆ. ಸಂತೋಷಕ್ಕೆ ಪಾಲುಗಾರರು ಬೇಕು. ಬಡಾಯಿಗೆ ಸೋತವನ ಮುಖ ಬೇಕು.

ಈ ಭೇದವನ್ನು ಅರಿಯಲು ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯೇ ಸಾಕು. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಮರದ ಹುಲಿಯೊಂದಿತ್ತು. ಅದು ಯೂರೋಪಿನವನೊಬ್ಬನ ಮೇಲೆರಗಿ ನಿಂತಿತ್ತು. ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳುತ್ತಿದ್ದವು. ಶತ್ರುವಿನ ನರಳಾಟವೇ ಅಲ್ಲಿ ವಿನೋದವಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ಕಂಪನಿಯವರು ಅದರಿಂದ ಪಾಠ ಕಲಿತರೆ? ಇಲ್ಲ. ಸಿಂಹವೊಂದು ಹುಲಿಯನ್ನು ಕೆಡವಿ ತುಳಿಯುತ್ತಿರುವ ಚಿತ್ರದ ಪದಕವನ್ನು ಅಚ್ಚುಹಾಕಿಸಿ, ಹಿರಿಯ ಅಧಿಕಾರಿಗಳಿಗೆ ಚಿನ್ನದ್ದು, ಸಿಪಾಯಿಗಳಿಗೆ ತವರದ್ದು ಎಂದು ದರ್ಜೆಗನುಗುಣವಾಗಿ ಹಂಚಿದರು. ಮರದ ಹುಲಿಯನ್ನು ಲಂಡನ್ನಿಗೆ ಸಾಗಿಸಿ ಜನರ ನೋಟಕ್ಕಿಟ್ಟರು. 1809ರಲ್ಲಿ ಅವರ ಸೈನ್ಯ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಬಳಿ ಬೀಡುಬಿಟ್ಟಿತು. ಬ್ರಿಗೇಡ್, ಇನ್‌ಫೆಂಟ್ರಿ ಎಂಬ ರಸ್ತೆಗಳ ಹೆಸರುಗಳು ಆ ಕಾಲದ ಗುರುತುಗಳು. ಆ ದಂಡೂ 1947ರ ಜುಲೈಯಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ಹುಲಿಯ ಮೆರೆದಾಟವೂ ಮುಗಿಯಿತು, ಸಿಂಹದ ಮೆರೆದಾಟವೂ ಮುಗಿಯಿತು. ಆ ಹುಲಿ ಇಂದು ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಸದ್ದಿಲ್ಲದೆ ನಿಂತಿದೆ.

ಇದು ಅರಸರ ಮಾತಾಯಿತು. ಅದೇ ದಂಡು ಪ್ರದೇಶದ ಅಂಚಿನಲ್ಲಿ, ಇತ್ತೀಚೆಗೆ ನಡೆದ ಸಂಗತಿಯೊಂದು ಸಾಮಾನ್ಯರ ಮನೆಗಳನ್ನೇ ತಟ್ಟಿತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡ ಐಪಿಎಲ್ ಪಂದ್ಯಾವಳಿಯನ್ನು ಗೆದ್ದಿತು. ಹದಿನೆಂಟು ವರ್ಷಗಳ ಕಾಯುವಿಕೆ ಆರು ಓಟಗಳ ಅಂತರದಿಂದ ಫಲಿಸಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35,000 ಜನರು ಹಿಡಿಸುವ ಆ ಸ್ಥಳಕ್ಕೆ ಲಕ್ಷಾಂತರ ಮಂದಿ ಧಾವಿಸಿದರು. ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಪ್ರಾಣ ಬಿಟ್ಟರು. ಬಂದವರಲ್ಲಿ ಬಡಾಯಿ ಇರಲಿಲ್ಲ. ಇದ್ದುದು ನಿರ್ಮಲವಾದ ಸಂತೋಷ. ಹೊಣೆ ಯಾರದೆಂದು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ. ವಿಚಾರವಂತನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಗೆಲುವು ಹಿಂದಿನ ರಾತ್ರಿಯೇ ಪೂರ್ಣವಾಗಿತ್ತು. ಹತ್ತು ದಿನ ತಡೆದು ಉತ್ಸವ ನಡೆಸಿದ್ದರೆ ಅದರಲ್ಲಿ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಗುತ್ತಿತ್ತೆ? ಗೆಲುವನ್ನು ಬಿಸಿಯಿರುವಾಗಲೇ ಮೆರೆಸಬೇಕೆಂಬ ಈ ಆತುರವು ಎಲ್ಲಿಂದ ಬಂತು?

ಆ ಆತುರವನ್ನು ಹುಡುಕಿಕೊಂಡು ದೂರ ಹೋಗಬೇಕಾದ್ದಿಲ್ಲ. ಅದು ಗೃಹಸ್ಥನ ಮನೆಯಲ್ಲಿಯೂ ಉಂಟು. ಅಣ್ಣತಮ್ಮಂದಿರಿಬ್ಬರು ಅಂಗೈಯಗಲ ಜಾಗಕ್ಕಾಗಿ ಹತ್ತಾರು ವರ್ಷ ವ್ಯಾಜ್ಯವಾಡುತ್ತಾರೆ. ತೀರ್ಪು ತಮ್ಮನ ಕಡೆ ಆಗುತ್ತದೆ. ಅವನು ಜಾಗವನ್ನು ಪಡೆದುಕೊಂಡು ಸುಮ್ಮನಿದ್ದರೆ ಒಂದು ಹಬ್ಬಕ್ಕೋ ಒಂದು ಮದುವೆಗೋ ಅಣ್ಣನ ಮನೆಯ ಬಾಗಿಲು ಮತ್ತೆ ತೆರೆದೀತು. ಆದರೆ ಅಣ್ಣನ ಮನೆಯ ಮುಂದೆಯೇ ಪಟಾಕಿ ಸುಟ್ಟು, ಅವನ ಮಕ್ಕಳ ಕಣ್ಣೆದುರಿಗೇ ಪೇಡೆ ಹಂಚಿದರೆ ಆ ಬಾಗಿಲು ಎರಡು ತಲೆಮಾರಿಗೆ ಮುಚ್ಚುತ್ತದೆ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಹೇಳುವುದು ಇದನ್ನೇ. ನ್ಯಾಯಾಲಯ ಕೊಟ್ಟದ್ದು ಜಾಗ ಮಾತ್ರ. ಒಡಹುಟ್ಟಿದವನನ್ನು ಕಳೆದುಕೊಂಡದ್ದು ಆ ಒಂದು ಸುತ್ತಿನಿಂದ.

ಇದಕ್ಕೆ ಮದ್ದು ಏನೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಕಥೆಯಿಂದ ಅರಿಯಬಹುದು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮೀರಿದ್ದು ಆಸೆಯ ಫಲವೆಂದು ತಿಳಿಸಿ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಆ ಅಕ್ಕಿ ಕದ್ದದ್ದಲ್ಲ, ಮೋಸದಿಂದ ಪಡೆದದ್ದೂ ಅಲ್ಲ. ಅದರ ದೋಷವೆಂದರೆ ಅದು ಹೆಚ್ಚಾದುದೇ.

ಬಡಾಯಿಯೂ ಇಂಥ ಹೆಚ್ಚಿನ ಅಕ್ಕಿ. ಗೆಲುವು ದುಡಿದವನ ಕಾಯಕದ ಫಲ. ಅದನ್ನು ಅವನು ಸಂಕೋಚವಿಲ್ಲದೆ ಮನೆಗೆ ತರಬಹುದು, ನಾಲ್ವರೊಡನೆ ಹಂಚಿಕೊಂಡು ಉಣ್ಣಬಹುದು. ಅದರ ಮೇಲೆ ಸೋತವನ ತಲೆತಗ್ಗಿಸುವಿಕೆಯನ್ನೂ ಬಾಚಿಕೊಂಡು ಜೋಳಿಗೆಗೆ ತುಂಬಿಕೊಂಡರೆ ಅದು ದಾಸೋಹಕ್ಕೆ ಒದಗುವ ಪದಾರ್ಥವಲ್ಲ. ಯಾರ ಹಸಿವನ್ನೂ ಅದು ತಣಿಸದು. ಕೆ.ಆರ್. ಪುರದಲ್ಲಿ ಮನೆ ಕಟ್ಟಿದವನೇ ಆಗಲಿ, ಶಿವಾಜಿನಗರದಲ್ಲಿ ಅಂಗಡಿಯನ್ನು ಏಳಿಗೆಗೆ ತಂದವನೇ ಆಗಲಿ, ಗೆದ್ದ ಸಂಜೆ ಮನೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಜೋಳಿಗೆಯನ್ನು ನೋಡಿಕೊಳ್ಳುವುದು ಲೇಸು. ಹೆಚ್ಚಾದುದನ್ನು ತಂದಲ್ಲಿಯೇ ಬಿಟ್ಟು ಬಂದವನಿಗೆ ಉಳಿಯುವ ಗೆಲುವು ಮಾತ್ರವೇ ಲಿಂಗಕ್ಕೆ ಅರ್ಪಿಸಲು ಯೋಗ್ಯವಾದುದು.