ದೋಷ ಯಾರದು, ದಂಡ ಯಾರಿಗೆ?

ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ತಂಗಿ, ರಾಮದುರ್ಗವನ್ನು ಹಾಯ್ದು ಕೃಷ್ಣೆಯನ್ನು ಸೇರುವ ಮಲಪ್ರಭೆಯನ್ನು ನಂಬಿ ಬದುಕುವವರು ಯರಗಟ್ಟಿ, ಸವದತ್ತಿ ಸೀಮೆಯ ನಾವು. 2019ರ ಆಗಸ್ಟಿನಲ್ಲಿ ಆಕೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದುದನ್ನು ಕಂಡೆವು. ನಾಲ್ಕೇ ವರ್ಷಗಳ ತರುವಾಯ, 2023ರಲ್ಲಿ, ಮಳೆ ಕೈಕೊಟ್ಟು ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು.

ಬರವೂ ನೆರೆಯೂ ನಮಗೆ ಹೊಸವಲ್ಲ. 1876–78ರ ಘೋರ ಕ್ಷಾಮವನ್ನು ನಮ್ಮ ಹಿರಿಯರು ಉಂಡಿದ್ದಾರೆ. ಆದುದರಿಂದ ಪ್ರತಿಯೊಂದು ವಿಪತ್ತನ್ನೂ ಹೊಸ ಕಾರಣದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮನುಷ್ಯನು ಸುಟ್ಟ ಕಲ್ಲಿದ್ದಲು, ಎಣ್ಣೆಗಳಿಂದ ವಾಯುವಿನಲ್ಲಿ ಇಂಗಾಲಾಮ್ಲವು ಹತ್ತು ಲಕ್ಷಕ್ಕೆ 280 ಭಾಗಗಳಿಂದ 420ನ್ನು ಮೀರಿ ಬೆಳೆದಿದೆ. ಒಂದು ಡಿಗ್ರಿ ಹೆಚ್ಚು ಕಾದ ಗಾಳಿಯು ನೂರಕ್ಕೆ ಸುಮಾರು 7 ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಸುರಿಯದಿದ್ದರೆ ನೆಲದ ತೇವವನ್ನೂ ಹೀರುತ್ತದೆ.

ಎರೆಭೂಮಿಯ ಬಿರುಕಿನೊಳಗೆ ಬೇಸಗೆಯೆಲ್ಲ ಅಡಗಿದ್ದ ಕಪ್ಪೆಯು ಮೃಗಶಿರೆಯ ಮೊದಲ ಮಳೆಗೆ ಹೊರಬಂದು ಹೊಂಡದಲ್ಲಿ ಮೊಟ್ಟೆಯಿಡುತ್ತದೆ. ಆಮೇಲೆ ವಾರಗಟ್ಟಲೆ ಮಳೆ ಬಾರದೆ ಹೋದರೆ ಹೊಂಡ ಬತ್ತಿ, ಕಾಲು ಮೂಡದ ಮರಿಗಳು ಕೆಸರಿನಲ್ಲಿಯೇ ಸಾಯುತ್ತವೆ. ಕಪ್ಪೆ ಇಲ್ಲದ ಹೊಲದಲ್ಲಿ ಹುಳುವಿನ ಬಾಧೆ ಹೆಚ್ಚುತ್ತದೆ, ಕೊಕ್ಕರೆಗೆ ಆಹಾರ ತಪ್ಪುತ್ತದೆ. ರೈತನು ಬಿತ್ತಿದ್ದು ಕೆಟ್ಟರೆ ಹಿಂಗಾರಿಗೆ ಬೇರೆ ಬೀಜ ಹುಡುಕಬಹುದು. ಕಪ್ಪೆಗೆ ಆ ಉಪಾಯವಿಲ್ಲ.

ಆ ಜೀವವು ಯಾವ ಹೊಗೆಯನ್ನು ಬಿಟ್ಟಿತ್ತು? "ಅದರ ಪ್ರಾರಬ್ಧ" ಎನ್ನುವವರಿದ್ದಾರೆ. ಪ್ರಾರಬ್ಧವೆಂಬ ಮಾತು ನಮ್ಮ ಕಷ್ಟವನ್ನು ನಾವು ಸಹಿಸುವುದಕ್ಕಾಗಿ ಇರುವುದೇ ಹೊರತು, ಪರರ ಕಷ್ಟವನ್ನು ಕಂಡು ಸುಮ್ಮನಿರುವುದಕ್ಕಲ್ಲವೆಂದು ನಾವು ತಿಳಿದಿದ್ದೇವೆ. "ದೊಡ್ಡ ದೇಶಗಳು ಮಾಡಿದ್ದಕ್ಕೆ ನಾವೇಕೆ ಹೊಣೆ?" ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ನ್ಯಾಯವಿದೆ, ನಮ್ಮ ಪಾಲು ಅಲ್ಪವೇ. ಆದರೆ ನೆರೆಯವನ ಬಣವೆಗೆ ಬೆಂಕಿ ಬಿದ್ದಾಗ, ಕಿಡಿ ಯಾರದೆಂದು ವಿಚಾರಿಸಿ ಆಮೇಲೆ ಕೊಡ ಎತ್ತುವವರು ನಮ್ಮಲ್ಲಿಲ್ಲ. ತಪ್ಪಿಗೆ ಯಾರು ತೆರಬೇಕೆಂಬ ಪ್ರಶ್ನೆ ಬೇರೆ, ಈಗ ಯಾರು ನೆರವಾಗಬಲ್ಲರೆಂಬ ಪ್ರಶ್ನೆ ಬೇರೆ. ಮೊದಲನೆಯದನ್ನು ಬಿಡಬಾರದು, ಅದು ಇತ್ಯರ್ಥವಾಗುವವರೆಗೆ ಎರಡನೆಯದನ್ನು ತಡೆಯಲೂ ಬಾರದು.

ಬದುವಿನ ಬೇವು ಬನ್ನಿಗಳನ್ನು ಕಡಿಯದಿರುವುದು, ಒಡ್ಡು ಹಾಕಿ ನೀರನ್ನು ಹೊಲದಲ್ಲಿಯೇ ಇಂಗಿಸುವುದು, ಊರ ಹಳ್ಳಕ್ಕೆ ಕಸ ಸುರಿಯದಿರುವುದು ನಮ್ಮ ಕೈಯಲ್ಲಿವೆ. ಉತ್ಸವದ ದಿನಗಳಲ್ಲಿ ರಾತ್ರಿಯೆಲ್ಲ ಉರಿಯುವ ವಿದ್ಯುದ್ದೀಪಗಳ ಸಾಲನ್ನೂ ನಾವು ಕಡಿಮೆ ಮಾಡಬಹುದು. ಇಷ್ಟರಿಂದ ಜಗತ್ತಿನ ತಾಪ ಇಳಿಯದು. ಆದರೆ ಒಂದು ಹೊಂಡದಲ್ಲಿ ಇನ್ನೆರಡು ವಾರ ನೀರು ನಿಲ್ಲಬಹುದು. ಅಲ್ಲಿಯ ಮರಿಗಳಿಗೆ ಬೇಕಾಗಿರುವುದು ಅಷ್ಟೇ.