ಬುದ್ಧಿಹಲ್ಲು ಕಿತ್ತ ಬಾಯಿಗೂ ಹಕ್ಕಿದೆ



ಬಾಯಿಯ ಶುಚಿತ್ವದ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಕಾಳಜಿ ವಹಿಸಿದ್ದರೆಂಬುದು ಮದ್ರಸಕ್ಕೆ ಹೋಗುವ ಪುಟ್ಟ ಮಕ್ಕಳಿಗೂ ಗೊತ್ತು. ಸಮುದಾಯಕ್ಕೆ ಹೊರೆಯಾದೀತೆಂಬ ಅಂಜಿಕೆ ಇಲ್ಲದಿರುತ್ತಿದ್ದರೆ ಪ್ರತಿಯೊಂದು ನಮಾಝ್‌ಗೂ ಮಿಸ್ವಾಕ್ ಮಾಡಬೇಕೆಂದು ಅವರು ಆಜ್ಞಾಪಿಸುತ್ತಿದ್ದರೆಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಹದೀಸಿನಲ್ಲಿ ಎರಡು ಪಾಠಗಳಿವೆ. ಒಂದು ಶುಚಿತ್ವದ್ದು, ಇನ್ನೊಂದು ದಯೆಯದ್ದು. ಶುಚಿತ್ವವು ಹೊರೆಯಾಗುವಲ್ಲಿ ಪ್ರವಾದಿವರ್ಯರು(ಸ) ತಡೆದು ನಿಂತರು. ಮೊದಲ ಪಾಠವನ್ನು ನೆನಪಿಟ್ಟುಕೊಂಡ ನಾವು ಎರಡನೆಯದನ್ನು ಮರೆಯುತ್ತಿಲ್ಲವೇ?

ಬುದ್ಧಿಹಲ್ಲು ಕೀಳಿಸಿಕೊಂಡವರ ವಿಷಯದಲ್ಲಿ ಈ ಮರೆವು ಎದ್ದು ಕಾಣುತ್ತದೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ, ದವಡೆಯ ಕಟ್ಟಕಡೆಯಲ್ಲಿ ಮೂಡುವ ಹಲ್ಲಿದು. ಅರಬಿಯಲ್ಲೂ ಉರ್ದುವಿನಲ್ಲೂ ಅದಕ್ಕೆ 'ಅಕ್ಲ್'ನ ಹಲ್ಲೆಂದೇ ಹೆಸರು. ಜಾಗ ಸಾಲದೆ ಓರೆಯಾಗಿ ಬೆಳೆದರೆ ಒಸಡು ಬಾತುಕೊಳ್ಳುತ್ತದೆ, ಅನ್ನದ ಅಗುಳು ಸಿಕ್ಕಿ ಕೀವಾಗುತ್ತದೆ. ಆಗ ಕಡಬದವರು, ಪುತ್ತೂರಿನವರು ಸುಳ್ಯದ ಬಸ್ಸು ಹತ್ತುವುದುಂಟು. ಕುರುಂಜಿ ವೆಂಕಟರಮಣ ಗೌಡರ ಹೆಸರಿನ ದಂತ ವೈದ್ಯಕೀಯ ಕಾಲೇಜು ಅಲ್ಲಿ 1991ರಲ್ಲೇ ಆರಂಭವಾಯಿತು. ಈಗ ಮೂರೂ ಪೇಟೆಗಳಲ್ಲಿ ದಂತವೈದ್ಯರಿದ್ದಾರೆ. ಹಲ್ಲು ಕೀಳುವುದು ಅವರ ಕೆಲಸ. ಕಿತ್ತ ಮೇಲಿನ ಒಂದು ವಾರ ಮಾತ್ರ ನಮ್ಮ ಕೈಯಲ್ಲಿದೆ.

ಹಲ್ಲು ಹೋದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದು ಹೊಲಸಲ್ಲ. ಬರಿದಾದ ಎಲುಬಿನ ಮೇಲೆ ಅಲ್ಲಾಹನು ಹೊದಿಸಿದ ಹೊದಿಕೆ. ಅದರ ಅಡಿಯಲ್ಲೇ ಹೊಸ ಮಾಂಸ ಬೆಳೆಯುತ್ತದೆ. ಆ ಹೆಪ್ಪು ಕಿತ್ತುಹೋದರೆ ಎಲುಬು ತೆರೆದುಕೊಂಡು, ಮೂರನೆಯ ದಿನದ ಹೊತ್ತಿಗೆ ಕಿವಿಯವರೆಗೂ ಸೆಳೆಯುವ ನೋವು ಆರಂಭವಾಗುತ್ತದೆ. ಹೆಪ್ಪನ್ನು ಕೀಳುವುದು ಯಾವುದು? ಜೋರಾಗಿ ಮುಕ್ಕಳಿಸುವುದು, ರಭಸದಿಂದ ಉಗುಳುವುದು, ಸ್ಟ್ರಾ ಹಾಕಿ ಹೀರುವುದು, ಬೀಡಿ ಸಿಗರೇಟು ಎಳೆಯುವುದು.

ಈಗ ಯೋಚಿಸಿರಿ. ಮಧ್ಯಾಹ್ನ ಹಲ್ಲು ಕೀಳಿಸಿಕೊಂಡ ಯುವಕನೊಬ್ಬ ಅಸರ್‌ನ ವುಝೂ ಮಾಡಲು ಹೌಲ್‌ನ ಬಳಿ ಕೂರುತ್ತಾನೆ. ಬಾಯಿ ತುಂಬ ನೀರು ತೆಗೆದುಕೊಂಡು ಎಂದಿನಂತೆ ಮೂರು ಸಲ ರಭಸದಿಂದ ಮುಕ್ಕಳಿಸುತ್ತಾನೆ. ಮಗ್ರಿಬ್‌ಗೂ ಇಶಾಕ್ಕೂ ಅದೇ. ಅವನ ಉದ್ದೇಶ ಒಳ್ಳೆಯದೇ. ಆದರೆ ದೀನ್ ಅವನಿಂದ ಅದನ್ನು ಕೇಳಿದೆಯೇ? ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದು ಶಾಫಿಈ, ಹನಫೀ ಎರಡೂ ಮದ್‌ಹಬ್‌ಗಳಲ್ಲಿ ಸುನ್ನತ್ ಮಾತ್ರ. ಮೊದಲ 24 ಗಂಟೆ ಅದನ್ನು ಬಿಟ್ಟರೂ ವುಝೂ ಸಿಂಧುವಾಗುತ್ತದೆ. ಹನಫೀ ಮದ್‌ಹಬ್‌ನಲ್ಲಿ ಕಡ್ಡಾಯ ಸ್ನಾನಕ್ಕೆ ಬಾಯಿಯೊಳಗೆ ನೀರು ತಲುಪಬೇಕೆಂಬುದು ನಿಜ. ಆದರೆ ತಲುಪಿಸುವುದಕ್ಕೆ ರಭಸ ಬೇಕಿಲ್ಲ. ನೀರನ್ನು ಬಾಯಿಗೆ ತೆಗೆದುಕೊಂಡು ತಲೆಯನ್ನು ನಿಧಾನವಾಗಿ ವಾಲಿಸಿ, ತಾನಾಗಿ ಹೊರಗೆ ಹರಿಯಬಿಟ್ಟರೆ ಸಾಕು. ಅದೂ ಅಪಾಯವೆಂದು ವೈದ್ಯರು ಹೇಳಿದರೆ ಉಸ್ತಾದರನ್ನು ಕೇಳಿರಿ.

ಕೇಳದೆ ನಡೆದುಕೊಂಡುದರ ಬೆಲೆ ಏನೆಂಬುದನ್ನು ಅಬೂದಾವೂದ್ ವರದಿ ಮಾಡಿದ ಘಟನೆಯೊಂದು ತೋರಿಸುತ್ತದೆ. ಯಾತ್ರೆಯಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಅನಂತರ ಅವರಿಗೆ ಸ್ನಾನ ಕಡ್ಡಾಯವಾಯಿತು. ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ವಿಚಾರಿಸಿದಾಗ ಇಲ್ಲವೆಂದರು. ಅವರು ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ವಿಚಾರಿಸುವುದೇ ಅಲ್ಲವೇ ಎಂಬುದು ಅವರ ಮಾತಿನ ಸಾರ. ಗಾಯಗೊಂಡ ದೇಹಕ್ಕೆ ದೀನ್‌ನಲ್ಲಿ ಒಂದು ಹಕ್ಕಿದೆ. ಅದನ್ನು ಕಸಿದುಕೊಳ್ಳುವುದನ್ನು ಭಕ್ತಿಯೆನ್ನಲಾಗದು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬಾಯಲ್ಲಿ ರಕ್ತವಿದೆಯೆಂದು ಮೂರು ದಿನ ನಮಾಝನ್ನೇ ಬಿಟ್ಟುಬಿಡುವವರಿದ್ದಾರೆ. ಗಾಯದ ರಕ್ತದಿಂದ ವುಝೂ ಮುರಿಯುವುದಿಲ್ಲವೆಂದು ಶಾಫಿಈ ಮದ್‌ಹಬ್ ಹೇಳುತ್ತದೆ. ಎಂಜಲಿಗಿಂತ ರಕ್ತ ಹೆಚ್ಚಾದರೆ ಮುರಿಯುತ್ತದೆಂದು ಹನಫೀ ಮದ್‌ಹಬ್ ಹೇಳುತ್ತದೆ. ಆದರೆ ನಮಾಝ್ ಬಿಡಬಹುದೆಂದು ಯಾರೂ ಹೇಳಿಲ್ಲ. ತಲೆ ತಗ್ಗಿಸಿದರೆ ರಕ್ತಸ್ರಾವ ಹೆಚ್ಚುವುದಾದರೆ ಕುಳಿತು ಸನ್ನೆಯ ಮೂಲಕ ನಿರ್ವಹಿಸುವ ದಾರಿ ರೋಗಿಗೆ ತೆರೆದೇ ಇದೆ.

ಹಾಗಾದರೆ ಬಾಯನ್ನು ಶುಚಿಯಾಗಿಡುವುದು ಹೇಗೆ? ಮೊದಲ ದಿನ ವೈದ್ಯರು ಇಟ್ಟ ಹತ್ತಿಯನ್ನು ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ, ಗಟ್ಟಿಯಾಗಿ ಕಚ್ಚಿಕೊಂಡಿರಿ. ಬಸ್ಸಿನ ಕಿಟಕಿಯಿಂದ ಉಗುಳುತ್ತಾ ಊರಿಗೆ ಬರಬೇಡಿ. ರಕ್ತಮಿಶ್ರಿತ ಎಂಜಲನ್ನು ಕರವಸ್ತ್ರಕ್ಕೆ ಮೆಲ್ಲಗೆ ಇಳಿಯಬಿಡಿ. ಅಂದು ಮುಕ್ಕಳಿಸುವುದು ಬೇಡ. ಉಳಿದ ಹಲ್ಲುಗಳನ್ನು ಮೃದುವಾದ ಬ್ರಷ್‌ನಿಂದ, ಗಾಯದ ಕಡೆ ಹೋಗದೆ, ಹಗುರವಾಗಿ ಉಜ್ಜಬಹುದು. ಹಲ್ಲು ಕಿತ್ತಿದೆಯೆಂದು ವಾರವಿಡೀ ಬ್ರಷ್ ಮುಟ್ಟದಿದ್ದರೆ ಗಾಯಕ್ಕೆ ಸೋಂಕು ತಗಲುವ ಭಯವಿದೆ.

24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ದಿನಕ್ಕೆ ನಾಲ್ಕೈದು ಸಲ, ವಿಶೇಷವಾಗಿ ಊಟದ ನಂತರ, ಬಾಯಲ್ಲಿ ತಿರುಗಿಸಿ ಮೆಲ್ಲಗೆ ಹೊರಬಿಡಿ. ಕುಳಿಯೊಳಗೆ ಬೆರಳು, ಕಡ್ಡಿ, ನಾಲಗೆ ಹಾಕಬೇಡಿ. ನಸ್ಯ, ಲವಂಗದ ಪುಡಿ ತುಂಬಬೇಡಿ. ಮಿಸ್ವಾಕ್‌ನ ಗಟ್ಟಿ ನಾರು ಗಾಯಕ್ಕೆ ತಾಗದಿರಲಿ. ವೈದ್ಯರು ಕೊಟ್ಟ ಔಷಧಿಯನ್ನು ನೋವು ಹೋಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಹಲ್ಲು ಕೀಳುವ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ರಕ್ತ ನಿಲ್ಲದಿದ್ದರೆ, ಮೂರು ದಿನದ ಮೇಲೆ ನೋವು ಅಥವಾ ಬಾವು ಹೆಚ್ಚಾದರೆ, ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಇನ್ನು ಎಲೆಯಡಿಕೆಯ ವಿಷಯ. ಪುತ್ತೂರು, ಸುಳ್ಯ, ಕಡಬಗಳೆಂದರೆ ಅಡಿಕೆ ತೋಟದ ಸೀಮೆ. ನಮ್ಮಲ್ಲಿ ಅನೇಕರ ಅನ್ನ ಅದರಿಂದಲೇ. ಆದರೂ ಸತ್ಯವನ್ನು ಹೇಳಲೇಬೇಕು. ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಗಾರರಿಗೆ ಇದು ಕಹಿಯಾಗಿ ಕೇಳಿಸೀತು. ಹಸಿ ಗಾಯವಿರುವ ಬಾಯಿಗಂತೂ ಅಡಿಕೆ ಚೂರು, ಸುಣ್ಣ, ಹೊಗೆಸೊಪ್ಪು ನೇರ ಶತ್ರುಗಳು. ವೈದ್ಯರ ಭಯದಿಂದ ಒಂದು ವಾರ ಬಿಟ್ಟಿರಲು ಸಾಧ್ಯವಾದವನಿಗೆ ಅಲ್ಲಾಹನ ಭಯದಿಂದ ಎರಡನೆಯ ವಾರವೂ ಬಿಟ್ಟಿರಲು ಸಾಧ್ಯವಿಲ್ಲವೇ?

ಮನೆಯವರಿಗೂ ಒಂದು ಮಾತು. ಪ್ರವಾದಿವರ್ಯರ(ಸ) ಕೊನೆಯ ಗಳಿಗೆಗಳನ್ನು ನೆನೆಯಿರಿ. ಅಬ್ದುರ್ರಹ್ಮಾನ್(ರ)ರ ಕೈಯಲ್ಲಿದ್ದ ಮಿಸ್ವಾಕ್‌ನತ್ತ ಅವರು ನೋಡಿದರು. ಅದು ಬೇಕಾಗಿದೆಯೆಂದು ಆಯಿಶಾ(ರ) ಅರಿತರು. ಗಟ್ಟಿಯಾಗಿದ್ದ ಅದನ್ನು ತಮ್ಮ ಬಾಯಲ್ಲಿ ಜಗಿದು ಮೆತ್ತಗೆ ಮಾಡಿ ಕೊಟ್ಟರು. ರೋಗಿಯ ಶುಚಿತ್ವದ ಆಸೆಯನ್ನು ಅವರು ತಡೆಯಲಿಲ್ಲ, ಗಟ್ಟಿಯಾದುದನ್ನು ಹಾಗೆಯೇ ಕೊಡಲೂ ಇಲ್ಲ. ಹಲ್ಲು ಕಿತ್ತು ಬಂದ ಮಗನಿಗೆ, ಸೊಸೆಗೆ ನಾವು ಮಾಡಬೇಕಾದುದೂ ಇದನ್ನೇ. ಆರಿದ ಗಂಜಿ, ಖಾರವಿಲ್ಲದ ಸಾರು, ಉಗುರುಬೆಚ್ಚಗಿನ ಉಪ್ಪುನೀರು, ಸ್ವಲ್ಪ ವಿಶ್ರಾಂತಿ. ಹಲ್ಲುನೋವಿಗೆ ಇಷ್ಟೊಂದು ಮಲಗುವುದೇ ಎಂದು ಸೊಸೆಯನ್ನು ಚುಚ್ಚುವ ಮಾತು ಬೇಡ. ಆಕೆಯ ಬಾಯಿಯ ಗಾಯ ವಾರದಲ್ಲಿ ಆರತೊಡಗೀತು, ಆ ಮಾತಿನ ಗಾಯ ಆರದು.

ಬಾಯಿಗೆ ಇನ್ನೊಂದು ಕೊಳೆಯೂ ಇದೆ. ಪರದೂಷಣೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಪವಿತ್ರ ಕುರ್‌ಆನ್ ಹೋಲಿಸಿದೆ. ಯಾವ ಉಪ್ಪುನೀರಿಗೂ ಅದು ಹೋಗದು. ಮಾತು ಕಡಿಮೆ ಮಾಡಬೇಕೆಂದು ಗಾಯವೇ ಹೇಳುವ ಈ ಕೆಲವು ದಿನಗಳಲ್ಲಿ ನಾಲಗೆಗೂ ಒಂದಿಷ್ಟು ಪಥ್ಯ ಕಲಿಸೋಣ. ಅಕ್ಲ್‌ನ ಹಲ್ಲು ಹೋದರೂ ಅಕ್ಲ್ ಉಳಿದಿದೆಯೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಯಾವುದು?

ನಮ್ಮ ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ. ನಮ್ಮ ಬಾಯಿಗಳನ್ನು ಹೊರಗೂ ಒಳಗೂ ಶುದ್ಧವಾಗಿಡುವ ತೌಫೀಕ್ ಅನುಗ್ರಹಿಸಲಿ. ಆಮೀನ್.