ಹೋಟೆಲಿನ ರುಚಿಯೂ ಮನೆಯ ಧರ್ಮವೂ

ಹೊರಗೆ ತಿಂದು ಮೆಚ್ಚಿದ ತಿಂಡಿಯನ್ನು ಮನೆಯಲ್ಲಿಯೂ ಮಾಡಿ ಉಣ್ಣಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಇದಕ್ಕೆ ಮಸಾಲೆ ದೋಸೆಯೇ ಒಳ್ಳೆಯ ನಿದರ್ಶನ. ಆಗುಂಬೆ, ಹುಲಿಕಲ್ಲು ಘಾಟಿಗಳ ಕೆಳಗಿನ ಉಡುಪಿ, ಕುಂದಾಪುರದ ಸೀಮೆಯಿಂದ ಹೊರಟ ಅಡಿಗೆಯವರು ಇಪ್ಪತ್ತನೆಯ ಶತಮಾನದಲ್ಲಿ ಊರೂರುಗಳಲ್ಲಿ ಹೋಟೆಲುಗಳನ್ನು ತೆರೆದು ಇದನ್ನು ಪ್ರಸಿದ್ಧಿಗೆ ತಂದರು. ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಬಳಿಕ ಮಾವಳ್ಳಿ ಟಿಫಿನ್ ರೂಂ ಎಂದು ಹೆಸರಾದ ಹೋಟೆಲು ಅಂಥವುಗಳಲ್ಲೊಂದು. ಪೇಟೆಗೆ ಹೋಗಿ ಬಂದವರು, "ಹೋಟೆಲಿನಂತೆಯೇ ಮನೆಯಲ್ಲಿ ಮಾಡಲಾಗದೇ?" ಎಂದು ಕೇಳುವುದುಂಟು. ಈ ಪ್ರಶ್ನೆಯು ಬರಿಯ ನಾಲಗೆಯದೆಂದು ತೋರಿದರೂ ಇದರೊಳಗೆ ಒಂದು ಧರ್ಮಪ್ರಶ್ನೆಯು ಅಡಗಿದೆ.

ಹೋಟೆಲಿನ ತಿಂಡಿಗೆ ಮರುಳಾಗುವುದು ಸ್ವಂತದ್ದನ್ನು ತೊರೆದಂತೆ ಎಂದು ಕೆಲವು ಹಿರಿಯರು ಆಕ್ಷೇಪಿಸುವರು. ಈ ಆಕ್ಷೇಪಕ್ಕೆ ಬಲವು ಸಾಲದು. ಮಸಾಲೆ ದೋಸೆಯ ಆಲೂಗಡ್ಡೆಯೂ ಕೆಂಪು ಚಟ್ನಿಯ ಮೆಣಸಿನಕಾಯಿಯೂ ಅಮೆರಿಕಾ ಖಂಡದಿಂದ ಬಂದವು. ಮೆಣಸೆಂಬ ಹೆಸರು ಮೊದಲು ಮಲೆನಾಡಿನ ಬಳ್ಳಿಯ ಕರಿಮೆಣಸಿಗೆ ಮಾತ್ರ ಸಲ್ಲುತ್ತಿತ್ತು. ಮೆಣಸಿನಕಾಯಿಯನ್ನು ಒಳಗೆ ಕರೆದುಕೊಂಡು ಅದಕ್ಕೆ ತನ್ನ ಹೆಸರನ್ನೇ ಕೊಟ್ಟ ಅಡಿಗೆಮನೆಯು ಪರಕೀಯತೆಯ ಮಾತನ್ನಾಡುವುದು ಸಲ್ಲದು.

ಹೋಟೆಲಿಗೂ ಮನೆಗೂ ಇರುವ ನಿಜವಾದ ಭೇದವು ದುಡಿಮೆಯಲ್ಲಿದೆ. ಫ್ರೆಂಚರ ಪಾಕಶಾಸ್ತ್ರದ ಮಹಾಗ್ರಂಥವೊಂದನ್ನು 1903ರಲ್ಲಿ ಪ್ರಕಟಿಸಿದ ಎಸ್ಕೊಫಿಯೆ ಎಂಬಾತನು ದೊಡ್ಡ ಹೋಟೆಲುಗಳ ಅಡಿಗೆಮನೆಯನ್ನು ಸೇನೆಯ ತುಕಡಿಯಂತೆ ವಿಭಾಗಿಸಿದನು. ಸಾರಿಗೊಬ್ಬನು, ತರಕಾರಿಗೊಬ್ಬನು, ಸಿಹಿಗೊಬ್ಬನು. ಅಂಥಲ್ಲಿಯ ಒಂದು ತಟ್ಟೆಯ ಹಿಂದೆ ಅನೇಕರ ಕೈಗಳಿರುತ್ತವೆ. ಆ ದೇಶದ ಬಿಸ್ತ್ರೊ ಎಂಬ ಸಣ್ಣ ಊಟದಂಗಡಿಗಳಲ್ಲಾದರೋ, ಮನೆಯ ಒಲೆಯಲ್ಲಿ ತಾಸುಗಟ್ಟಲೆ ತಾನಾಗಿ ಬೇಯುವಂಥ ಅಡಿಗೆಗೆ ಪ್ರಾಶಸ್ತ್ಯವುಂಟು. ಅದನ್ನು ಮನೆಗೆ ತಂದರೆ ಮಾಡಿದವಳೂ ಉಳಿದವರೊಡನೆ ಕುಳಿತು ಉಣ್ಣಬಲ್ಲಳು.

ಮಸಾಲೆ ದೋಸೆಯು ಮೊದಲನೆಯ ಜಾತಿಗೆ ಸೇರಿದುದು. ಹೋಟೆಲಿನಲ್ಲಿ ರುಬ್ಬುವವನು ಬೇರೆ, ಪಲ್ಯ ಮಾಡುವವನು ಬೇರೆ, ಕಾವಲಿಯ ಮುಂದೆ ನಿಲ್ಲುವವನು ಬೇರೆ. ಮನೆಯಲ್ಲಿ ಇವೆಲ್ಲವೂ ಒಬ್ಬಳೇ. ಹಿಂದಿನ ದಿನವೇ ನೆನೆಹಾಕಿ ರುಬ್ಬಬೇಕು. ಮಳೆಗಾಲದ ಥಂಡಿಯಲ್ಲಿ ಹಿಟ್ಟು ಹುಳಿಯೇಳದೆ ಹಟ ಹಿಡಿದರೆ ಒಲೆಯ ಬದಿಯಲ್ಲಿಟ್ಟು ಕಾಯಬೇಕು. ಬಿಸಿಯಾಗಿ ತಿಂದರೇ ಅದಕ್ಕೆ ರುಚಿ. ಐವರು ತಲೆಗೆರಡರಂತೆ ತಿಂದರೆ, ದೋಸೆಯೊಂದಕ್ಕೆ ಮೂರು ನಿಮಿಷದ ಲೆಕ್ಕದಲ್ಲಿ, ಆಕೆಯು ಅರ್ಧ ಗಂಟೆ ಬೆಂಕಿಯ ಮುಂದೆ ನಿಂತಿರಬೇಕಾಯಿತು.

ಇಷ್ಟಾದ ಮೇಲೆ, "ಹೋಟೆಲಿನಷ್ಟು ಗರಿಗರಿಯಾಗಿಲ್ಲ" ಎಂಬ ಮಾತು ಬರುತ್ತದೆ. ಹೋಟೆಲಿನಲ್ಲಿ ಗಿರಾಕಿಯು ಬೆಲೆ ಕೊಟ್ಟಿರುತ್ತಾನೆ. ಅವಸರಪಡಿಸುವ, ಕುಂದು ಹೇಳುವ ಅಧಿಕಾರವು ಅವನಿಗೆ ಆ ಬೆಲೆಯಿಂದ ಬಂದುದು. ಮನೆಯಲ್ಲಿ ಉಣ್ಣುವವನು ಯಾವ ಬೆಲೆಯನ್ನೂ ಕೊಡದೆ ಆ ಅಧಿಕಾರವನ್ನು ಮಾತ್ರ ಚಲಾಯಿಸುತ್ತಾನೆ. ತಿಂಡಿಯೊಡನೆ ಗಿರಾಕಿತನವೂ ಹೊಸಿಲು ದಾಟಿ ಬರುವುದೇ ಇಲ್ಲಿಯ ಅಧರ್ಮ.

ಹಾಗಾದರೆ ಹಳೆಯ ಅಡಿಗೆಯಲ್ಲಿ ಈ ದೋಷವಿರಲಿಲ್ಲವೇ ಎಂದು ಕೇಳಬಹುದು. ಇತ್ತೆಂದೇ ಹೇಳಬೇಕು. ತೆಳ್ಳೇವು ಸಹ ಒಂದೊಂದಾಗಿ ಕಾವಲಿಯಿಂದ ಏಳತಕ್ಕುದು. ಹಲಸಿನೆಲೆಯ ಕೊಟ್ಟೆ ಕಡುಬು ಒಟ್ಟಿಗೇ ಬೇಯುತ್ತದೆ. ಒಂದೆಲಗದ ತಂಬುಳಿಗೆ ಒಲೆಯ ಕೆಲಸವು ಅತ್ಯಲ್ಪ. ಇವುಗಳನ್ನು ಮಾಡಿದ ದಿನ ಮನೆಯವಳು ಎಲ್ಲರೊಡನೆ ಕುಳಿತುಕೊಳ್ಳಬಹುದಾಗಿತ್ತು. ಆದರೂ ಆಕೆಯ ಎಲೆಯು ಕೊನೆಗೇ ಬೀಳುತ್ತಿತ್ತು. ಆದುದರಿಂದ ತಪ್ಪು ಅಡಿಗೆಯದಲ್ಲ, ರೂಢಿಯದು.

ಈ ರೂಢಿಯನ್ನು ತಿದ್ದುವ ಪಾಠವನ್ನು ಹೋಟೆಲೇ ಕಲಿಸೀತು. ಹಿಂದೆ ಹೋಟೆಲುಗಳಲ್ಲಿಯೂ ಜಾತಿಯ ಪಂಕ್ತಿಭೇದವಿತ್ತೆಂಬುದನ್ನು ಮರೆಯಲಾಗದು. ಆದರೆ ಇಂದು ಮನೆಯವಳು ಹೋಟೆಲಿಗೆ ಹೋದರೆ, ಬೇರೊಬ್ಬನು ಕಾವಲಿಯ ಮುಂದೆ ನಿಂತು ಆಕೆಗೆ ಬಿಸಿ ದೋಸೆಯನ್ನು ಕಳುಹುತ್ತಾನೆ. ತಂದೆಯೂ ಗಂಡನೂ ಮಕ್ಕಳೂ ಆಕೆಯೊಡನೆ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಪೇಟೆಯಿಂದ ಮನೆಗೆ ತರಬೇಕಾದ ಮುಖ್ಯ ಪದಾರ್ಥವು ಇದು. ಮಸಾಲೆಯ ಗುಟ್ಟನ್ನು ಆ ಮೇಲೆ ತಿಳಿಯಬಹುದು.

ಹೋಟೆಲಿನ ದೋಸೆಯನ್ನು ಮನೆಯಲ್ಲಿ ಬಯಸುವವನು ಸಟ್ಟುಗವನ್ನೂ ಕೈಗೆ ತೆಗೆದುಕೊಳ್ಳಲಿ. ಅವನ ಮೊದಲಿನ ದೋಸೆಯು ಕಾವಲಿಗೆ ಅಂಟೀತು, ಎರಡನೆಯದು ಸೀದೀತು. ಮೂರನೆಯದು ನೆಟ್ಟಗೆ ಎದ್ದಾಗ ಅದನ್ನು ಮೊದಲು ಆಕೆಯ ಎಲೆಗೆ ಬಡಿಸಲಿ. ಗರಿಗರಿಯಾಗಿದೆಯೇ ಇಲ್ಲವೇ ಎಂಬುದನ್ನು ಆ ದಿನ ಆಕೆಯೇ ಹೇಳಲಿ.